ಗೇರಕ್ಕನ ಸೀಟು

ಆ ಓಣಿಯಲ್ಲಿ ಅವಳನ್ನು ಗೇರಕ್ಕ ಎಂದು ಕರೆಯದೆ ಇದ್ದವಳು ಅವಳ ಅತ್ತೆ ಒಬ್ಬಳೇ. ಅತ್ತೆಗೆ ಅವಳು ಮದುವೆಯಾಗಿ ಬಂದ ದಿನದಿಂದಲೂ ‘ಹುಡುಗಿ’. ಹುಡುಗಿಯ ತಲೆ ನರೆತು, ಹುಡುಗಿಗೇ ಒಬ್ಬ ಸೊಸೆ ಬಂದರೂ ಅದು ಬದಲಾಗಲಿಲ್ಲ. ಉಳಿದಂತೆ ಹಾಲು ಹಾಕುವವನಿಗೆ, ಕಿರಾಣಿ ಅಂಗಡಿಯವನಿಗೆ, ಇಸ್ತ್ರಿಯವಳಿಗೆ, ನಲ್ಲಿಯ ಹತ್ತಿರ ಕೊಡಕ್ಕಾಗಿ ಕಿತ್ತಾಡುವವರಿಗೆ ಎಲ್ಲರಿಗೂ ಅವಳು ಗೇರಕ್ಕನೇ.

ಆ ಹೆಸರು ಬಂದದ್ದು ಗಂಡನ ಎಡಗೈಯಿಂದ. ಅವನದು ಮನೆ ಸಾಮಾನು ಸಾಗಿಸುವ ಹಳೇ ಲಾರಿ. ಒಂದು ಮನೆಯ ಮಂಚ, ಬೀರು, ಪಾತ್ರೆ ಪಗಡ ತುಂಬಿಕೊಂಡು ಹೋಗಿ ಇನ್ನೊಂದು ಮನೆಯಲ್ಲಿ ಇಳಿಸುವ ಕೆಲಸ. ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಯಾರದೋ ಮನೆಯ ಮೆಟ್ಟಿಲಲ್ಲಿ ಕಬ್ಬಿಣದ ಬೀರು ಜಾರಿ, ಅವನ ಎಡಗೈ ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಬೆರಳುಗಳು ಉಳಿದವು, ಹಿಡಿತ ಉಳಿಯಲಿಲ್ಲ. ಸ್ಟೀರಿಂಗ್‌ಗೆ ಬಲಗೈ ಇತ್ತು, ಕ್ಲಚ್ ಒತ್ತಲು ಕಾಲಿತ್ತು. ಗೇರ್ ಹಾಕುವವರು ಯಾರು? ಲಾರಿ ಮನೆ ಮುಂದೆ ನಿಂತು ಧೂಳು ತಿಂದಿತು. ಹಿಟ್ಟಿನ ಡಬ್ಬ ತಳ ಕಂಡಿತು. ಒಂದು ಬೆಳಿಗ್ಗೆ ಅವಳು ಒಲೆ ಆರಿಸಿ, ಅಡುಗೆಮನೆ ಬಾಗಿಲು ಎಳೆದುಕೊಂಡು ಬಂದು ಅವನ ಪಕ್ಕದ ಸೀಟಿಗೆ ಹತ್ತಿ ಕೂತಳು.

“ನೀವು ಒತ್ತಿ, ನಾನು ಹಾಕ್ತೀನಿ. ಯಾವ ಕಡೆಗೆ ಅಂತ ಹೇಳಿ ಸಾಕು.”

ಮೊದಲ ದಿನಗಳಲ್ಲಿ ಇಬ್ಬರ ಕೂಗಾಟ ಕೇಳಿ ದಾರಿಹೋಕರು ನಿಂತು ನೋಡುತ್ತಿದ್ದರು. “ಮುಂದಕ್ಕೆ ಅಂದೆ!” “ಮುಂದಕ್ಕೇ ತಳ್ಳಿದ್ದು!” “ಅದು ಮುಂದಾ? ನಿನ್ನ ಅಪ್ಪನ ಮನೇಲಿ ಇದನ್ನ ಮುಂದಕ್ಕೆ ಅಂತಾರಾ?” ಕೂಗಿ ಕೂಗಿ ಅವನ ಗಂಟಲು ಕಟ್ಟಿತು. ಕಟ್ಟಿದ ಗಂಟಲಿನ ದಿನ ಅವನು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ‘ಲೊಚ್’ ಎಂದ. ಅವಳು ಹಾಕಿದಳು. ಅಂದಿನಿಂದ ಅದೇ ನಡೆದುಬಂತು. ಒಂದು ಲೊಚ್ ಎಂದರೆ ಮುಂದಿನ ಗೇರು, ಎರಡು ಎಂದರೆ ಹಿಂದಿನದು. ಎಷ್ಟು ಸಣ್ಣ ಸದ್ದೆಂದರೆ ಇಂಜಿನ್ನಿನ ಗದ್ದಲದಲ್ಲಿ ಅದು ಅವಳೊಬ್ಬಳಿಗೇ ಕೇಳುತ್ತಿತ್ತು. ಊರಿನವರು, ಸ್ವಂತ ಮಗ ಕೂಡ, ಅವಳು ಇಂಜಿನ್ ಸದ್ದು ಕೇಳಿಯೇ ಗೇರ್ ಹಾಕುತ್ತಾಳೆ ಎಂದು ನಂಬಿದ್ದರು. ಅವಳೂ ತಿದ್ದಲು ಹೋಗಲಿಲ್ಲ.

ಮನೆಯೊಳಗೆ ಗಂಡ ಹೆಂಡತಿ ಉಪ್ಪು ಜಾಸ್ತಿಯಾದರೂ ಜಗಳವಾಡುತ್ತಿದ್ದರು, ಕಡಿಮೆಯಾದರೂ ಆಡುತ್ತಿದ್ದರು. ಲಾರಿಯೊಳಗೆ ಮಾತ್ರ ಅದು ಸಾಧ್ಯವಿರಲಿಲ್ಲ. ಮುನಿಸಿಕೊಂಡು ಒಂದು ಕ್ಷಣ ತಡ ಮಾಡಿದರೆ ಗೇರ್ ಹಲ್ಲು ಕಡಿಯುತ್ತಿತ್ತು. ಹಾಗಾಗಿ ಇಷ್ಟು ವರ್ಷ ಅವರು ರಾಜಿಯಾದದ್ದೆಲ್ಲ ಆ ಎರಡು ಸೀಟಿನ ಮೇಲೆಯೇ. ಅವಳ ಬಲ ಅಂಗೈಯ ನಡುವೆ ಗೇರ್ ರಾಡಿನ ಗುಂಡು ತಲೆ ಒತ್ತಿ ಒತ್ತಿ ಕಾಸಿನಗಲ ಜಡ್ಡುಗಟ್ಟಿತ್ತು.

ಈಗ ಕೈಯಾದ ಮೇಲೆ ಕಾಲಿನ ಸರದಿ ಬಂತು.

“ಇವತ್ತು ಸೇತುವೆ ಏರಿನಲ್ಲಿ ಗಾಡಿ ಹಿಂದಕ್ಕೆ ಹೋಯ್ತು,” ಎಂದು ಅವನು ಊಟದ ತಟ್ಟೆ ನೋಡುತ್ತ ಹೇಳಿದ. “ಕಾಲು ಕ್ಲಚ್ ಮೇಲೆ ನಿಲ್ಲಲಿಲ್ಲ.”

“ಹಿಂದೆ ಯಾರಾದ್ರೂ ಇದ್ರಾ?” ಎಂದು ಮಗ ಕೇಳಿದ. ಅವನು ಗಾಡಿ ರಿಪೇರಿಯ ಶೆಡ್ಡೊಂದರಲ್ಲಿ ಮೆಕ್ಯಾನಿಕ್.

“ಒಬ್ಬ ಸೈಕಲ್‌ನವನು. ಹಾರಿಕೊಂಡ. ಸೈಕಲ್ ಚಕ್ರ ಸೊಟ್ಟಗಾಗಿ ಎಂಟಾಯ್ತು.”

“ದೇವರು ದೊಡ್ಡವನು,” ಎಂದಳು ಅಜ್ಜಿ ತನ್ನ ಮಂಚದಿಂದ. ಮಗ ಹುಟ್ಟಿದ ಮೇಲೆ ಗೇರಕ್ಕನೂ ಅತ್ತೆಯನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜಾಗಿತ್ತು, ಹಲ್ಲು ನೋವಿಗೆ ಸದಾ ದವಡೆಯಲ್ಲೊಂದು ಲವಂಗ ಇರುತ್ತಿತ್ತು, ಕಿವಿ ಮಾತ್ರ ಬೆಕ್ಕಿನದು. “ಡಾಕ್ಟರು ಏನಂದ್ರು?”

“ಮಂಡಿಯೊಳಗಿನ ಗಾದಿ ಸವೆದಿದೆಯಂತೆ. ಕ್ಲಚ್ ಒತ್ತೋದು ಬಿಡಿ ಅಂದ್ರು. ಊಟ ಮಾಡೋದು ಬಿಡಿ ಅಂತ ನೇರವಾಗೇ ಹೇಳಬಹುದಿತ್ತು.”

ಯಾರೂ ನಗಲಿಲ್ಲ. ಮಗ ಕೈ ತೊಳೆದು ಬಂದು ಮತ್ತೆ ಕೂತ. ಹೇಳಬೇಕಾದದ್ದನ್ನು ಶೆಡ್ಡಿನಿಂದಲೇ ಹೊಂದಿಸಿಕೊಂಡು ಬಂದಿದ್ದನೆಂದು ಗೇರಕ್ಕನಿಗೆ ಅವನ ಮುಖದಲ್ಲೇ ಗೊತ್ತಾಯಿತು.

“ಗುಜರಿಗೆ ಒಂದು ಆಂಬುಲೆನ್ಸ್ ಬಂದಿದೆ. ನಮ್ಮ ಗಾಡೀದೇ ಇಂಜಿನ್, ಆದರೆ ಆಟೋಮ್ಯಾಟಿಕ್. ಇಂಜಿನ್ ಸತ್ತಿದೆ, ಗೇರ್‌ಬಾಕ್ಸ್ ಗಟ್ಟಿಯಾಗಿದೆ. ಅದನ್ನ ತಂದು ಇದಕ್ಕೆ ಕೂರಿಸ್ತೀನಿ. ಕ್ಲಚ್ಚೇ ಇರಲ್ಲ ಅಪ್ಪ. ಹತ್ತಿದಾಗ ಒಂದು ಸಲ ಲಿವರ್ ಎಳೆದ್ರೆ ಆಯ್ತು, ಆಮೇಲೆ ಗೇರು ತಾನಾಗೇ ಬದಲಾಗುತ್ತೆ.”

“ಆಂಬುಲೆನ್ಸ್‌ದಾ? ಅದರಲ್ಲಿ ಎಷ್ಟು ಜನ ಕಣ್ಣು ಮುಚ್ಚಿದ್ರೋ!” ಎಂದಳು ಅಜ್ಜಿ.

“ಬದುಕಿಕೊಂಡವರೂ ಇರ್ತಾರಲ್ಲ ಅಜ್ಜಿ.”

“ಬದುಕಿಕೊಂಡವರು ನಡೆದುಕೊಂಡು ಮನೆಗೆ ಹೋಗಿರ್ತಾರೆ. ಉಳಿದವರೇ ಗಾಡೀಲಿ ಇರೋದು.”

ಈ ಸಲ ನಕ್ಕರು. ಸೊಸೆ ಎದ್ದು ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಮಾವನ ತಟ್ಟೆಯ ಪಕ್ಕ ಇಟ್ಟಳು. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಸ್ವಂತಕ್ಕೊಂದು ಹೊಲಿಗೆ ಯಂತ್ರ ಕೊಳ್ಳಲೆಂದು ಕೂಡಿಟ್ಟಿದ್ದ ದುಡ್ಡು ಅದು.

“ಬೇಡಮ್ಮ,” ಎಂದ ಅವನು.

“ಇಟ್ಕೊಳ್ಳಿ ಮಾವ. ಯಂತ್ರ ಎಲ್ಲಿಗೆ ಓಡಿಹೋಗುತ್ತೆ?” ಎಂದಳು ಸೊಸೆ. ಆಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಸೇರಿಸಿದಳು. “ಅಲ್ಲದೆ ಅತ್ತೆ ಮನೇಲಿದ್ರೆ ಅಜ್ಜಿಗೂ ಆಯ್ತು. ನಾನು ಅಜ್ಜಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ ಓಡೋ ಹೊತ್ತಿಗೆ ದಿನಾ ತಡವಾಗಿ ಸೂಪರ್‌ವೈಸರ್ ಕೈಲಿ ಅನ್ನಿಸಿಕೊಳ್ಳೋದಾದ್ರೂ ತಪ್ಪುತ್ತೆ.”

ಗೇರಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು. “ನಾನ್ಯಾಕೆ ಮನೇಲಿರ್ತೀನಿ?”

“ಗೇರೇ ಹಾಕಬೇಕಾಗಿಲ್ಲದ ಗಾಡೀಲಿ ನೀನೇನು ಮಾಡ್ತೀಯಮ್ಮ?” ಎಂದ ಮಗ. “ಇಷ್ಟು ವರ್ಷ ದುಡಿದಿದ್ದೀಯ. ಆರಾಮವಾಗಿ ಕೂತ್ಕೋ.”

“ಅಂತೂ ಗೇರಕ್ಕನಿಗೆ ರಿಟೈರ್ಮೆಂಟು!” ಎಂದು ಗಂಡ ಗಟ್ಟಿಯಾಗಿ ನಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕು, ಉಳಿದ ಆಲೂಗಡ್ಡೆ ಪಲ್ಯವನ್ನು ಕೆರೆದು ಅವನ ತಟ್ಟೆಗೇ ಹಾಕಿದಳು.

ಲಾರಿ ಶೆಡ್ಡಿಗೆ ಹೋಯಿತು. ಮಗ ದಿನದ ಕೆಲಸ ಮುಗಿಸಿ ಅದರ ಕೆಳಗೆ ನುಗ್ಗುತ್ತಿದ್ದ. ಒಂದು ಸಂಜೆ ಅವಳು ಅವನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋದಾಗ ಲಾರಿ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಹಳೇ ಗೇರ್‌ಬಾಕ್ಸನ್ನು ಎಣ್ಣೆ ಒಸರುತ್ತಿದ್ದ ಹಾಗೆಯೇ ಒಂದು ಟೈರಿನ ಮೇಲೆ ಮಲಗಿಸಿದ್ದರು. ಚಕ್ರಕ್ಕೆ ಹೋಗುವ ಉದ್ದನೆಯ ಕಬ್ಬಿಣದ ಶಾಫ್ಟನ್ನು ಹೊಸ ಅಳತೆಗೆ ಕತ್ತರಿಸಿ ಮತ್ತೆ ಬೆಸೆದಿದ್ದರು. ಕ್ಲಚ್ ಪೆಡಲ್ ಇದ್ದ ಜಾಗದಲ್ಲಿ ನೆಲದ ತೂತಿಗೆ ತಗಡಿನ ಬಿಲ್ಲೆ ಬಡಿದಾಗಿತ್ತು. ಬಿಚ್ಚಿಟ್ಟ ಪೆಡಲಿನ ರಬ್ಬರು ಅವನ ಪಾದದ ಆಕಾರಕ್ಕೆ ಸವೆದಿತ್ತು. ಅದರ ಪಕ್ಕದಲ್ಲೇ ಗೇರ್ ರಾಡು ಬಿದ್ದಿತ್ತು. ಗುಂಡು ತಲೆಯ ಮೇಲಿದ್ದ ಅಂಕಿಗಳು ಯಾವ ಕಾಲದಲ್ಲೋ ಅವಳ ಅಂಗೈಯೊಳಗೆ ಅಳಿಸಿಹೋಗಿದ್ದವು.

“ಇದನ್ನೇನು ಮಾಡ್ತೀಯ?”

“ಗುಜರಿಯವನು ಎಲ್ಲ ಒಟ್ಟಿಗೆ ತೂಕಕ್ಕೆ ತಗೋತಾನೆ,” ಎಂದ ಮಗ ಲಾರಿಯ ಅಡಿಯಿಂದ. ಕಾಣುತ್ತಿದ್ದದ್ದು ಅವನ ಪಾದಗಳು ಮಾತ್ರ.

ಆ ಪಾದಗಳಿಗೇ ಅವಳು ಹೇಳಿದಳು. “ನಾನು ಕಲಿತ್ರೆ?”

“ಏನು?”

“ಗಾಡಿ ಓಡಿಸೋದು. ಈಗ ತುಂಬ ಸುಲಭ ಅಂತೀಯಲ್ಲ. ಎಲ್ಲೆಲ್ಲಿ ಗಾಡಿ ಏನು ಕೇಳುತ್ತೆ ಅಂತ ನನಗೂ ಗೊತ್ತು.”

ಅಡಿಯಲ್ಲಿ ಸದ್ದು ನಿಂತಿತು. ಎಣ್ಣೆಯ ಕೈಯೊಂದು ಹೊರಗೆ ಬಂತು. “ಆ ದೊಡ್ಡ ಸ್ಪ್ಯಾನರ್ ಕೊಡಮ್ಮ.” ಅವಳು ಕೊಟ್ಟಳು. ಎರಡು ತಿರುವು ಬಿಗಿದ ಮೇಲೆ ಅವನು ಮೆಲ್ಲಗೆ ಹೇಳಿದ. “ಅಪ್ಪನಿಗೆ ಹೇಗನ್ನಿಸುತ್ತೆ ಹೇಳು. ಕೈ ಹೋಯ್ತು, ಕಾಲು ಹೋಯ್ತು. ಸೀಟೂ ಹೋಯ್ತು ಅಂತ ಆಗಬಾರದಲ್ಲ.”

ಮಗ ಹೇಳಿದ್ದು ತಪ್ಪೇನಲ್ಲ. ಡಬ್ಬಿ ಖಾಲಿಯಾಗುವ ತನಕ ಅವಳು ಇನ್ನೊಂದು ಟೈರಿನ ಮೇಲೆ ಕೂತಿದ್ದು, ಅದನ್ನು ತೊಳೆದುಕೊಂಡು ಮನೆಗೆ ಬಂದಳು.

ಲಾರಿ ಶೆಡ್ಡಿನಿಂದ ಬಂದ ದಿನ ಅವನು ಒಬ್ಬನೇ ಹತ್ತಿ ಹೋಗಿ ಊರು ಸುತ್ತಿ ಬಂದ. ಜಜ್ಜಿದ ಕೈಯ ಬುಡದಿಂದಲೇ ಲಿವರ್ ಎಳೆಯಬಹುದಿತ್ತು. ಇಳಿದವನ ಮುಖ ನೋಡಿ ಅವಳಿಗೆ ಮದುವೆಯ ಹೊಸತರಲ್ಲಿ ಆ ಲಾರಿ ಕೊಂಡು ತಂದ ದಿನದ ಮುಖ ನೆನಪಾಯಿತು. “ಬರೀ ಒತ್ತೋದು, ಹೋಗೋದು! ಏರಿನಲ್ಲಿ ನಿಲ್ಲಿಸಿ ನೋಡ್ದೆ ಕಣೇ. ಗುಲಗಂಜಿಯಷ್ಟೂ ಹಿಂದೆ ಸರಿಯಲಿಲ್ಲ!” ಅವಳಿಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಆ ದಿನ ಎಲ್ಲರಿಗೂ ಸಕ್ಕರೆ ಹೆಚ್ಚು ಹಾಕಿ ಚಹಾ ಮಾಡಿದಳು. ಅದನ್ನು ಕುಡಿಯುವಾಗ ಅವನು, ಇಷ್ಟು ದಿನ ಹಿಂದೆ ಸಾಮಾನಿನ ಜೊತೆ ಕೂರುತ್ತಿದ್ದ ಹಮಾಲಿ ಉದ್ದಣ್ಣನಿಗೆ, “ನಾಳೆಯಿಂದ ನೀನು ಮುಂದೆ ಕೂತ್ಕೊಳ್ಳೋ, ಸೀಟು ಖಾಲಿ ಇದೆ,” ಎಂದ.

ಅಷ್ಟೇ ಮಾತು. ಅದಕ್ಕೆ ಯಾರೂ ತಲೆ ಎತ್ತಲಿಲ್ಲ.

ಮನೆಯ ಕೆಲಸ ಹೊಸದೇನಲ್ಲ. ಅಜ್ಜಿಗೆ ಸ್ನಾನ, ಗಂಜಿ, ಬಟ್ಟೆ, ನೀರು, ಸೊಸೆಯ ಡಬ್ಬಿ, ಮಗನ ಡಬ್ಬಿ. ಮುಂಚೆ ಎರಡು ಕೈಯಲ್ಲಿ ನಾಲ್ಕು ಕೈಯ ಕೆಲಸ ಮುಗಿಸಿ ಲಾರಿ ಹತ್ತುತ್ತಿದ್ದವಳಿಗೆ ಈಗ ಮಧ್ಯಾಹ್ನಕ್ಕೆಲ್ಲ ಕೈ ಖಾಲಿ. ಸೊಸೆ ಹೊತ್ತಿಗೆ ಸರಿಯಾಗಿ ಕಾರ್ಖಾನೆಗೆ ಹೋದಳು, ತಿಂಗಳಿಗೊಮ್ಮೆ ಕೊಡುವ ಹಾಜರಿ ಬಹುಮಾನ ತಂದು ತೋರಿಸಿದಳು. “ಎಲ್ಲ ನಿಮ್ಮಿಂದ ಅತ್ತೆ,” ಎಂದಳು ಮನಸಾರೆ. ಗೇರಕ್ಕ ಅವಳ ತಲೆ ಸವರಿದಳು. ಸವರುವಾಗ ತನ್ನ ಅಂಗೈ ಸೊಸೆಯ ಕೂದಲಿಗೆ ಸಿಕ್ಕಿಕೊಳ್ಳುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಜಡ್ಡು ಮೆತ್ತಗಾಗುತ್ತಿತ್ತು.

“ಹುಡುಗೀ, ಗಾಡಿ ಬಂತಾ?” ಅಜ್ಜಿಗೆ ಸಂಜೆಯಾದರೆ ಇದೊಂದೇ ಮಾತು. “ಮುಂಚೆ ಮೂಲೆ ತಿರುಗಿಸುವಾಗಲೇ ಗೊತ್ತಾಗ್ತಿತ್ತು. ಗರ್ ಅಂತ ಒಂದು ಸಲ ಉಸಿರು ಬಿಟ್ಟು, ಸಣ್ಣಗಾಗಿ, ಮತ್ತೆ ಗರ್ ಅನ್ನೋದು. ನಾನು ಸ್ನಾನಕ್ಕೆ ನೀರಿಡಿ ಅಂತ ಕೂಗ್ತಿದ್ದೆ. ಈಗ ಕಳ್ಳನ ಹಾಗೆ ಬಂದು ನಿಂತಿರುತ್ತೆ.”

“ಬಂತು ಅಜ್ಜಿ. ನಿಮ್ಮ ಮಗ ಕೈಕಾಲು ತೊಳೀತಿದ್ದಾರೆ.”

ಅವನು ಬಂದು ಕೂತರೆ ಅವಳು ಕೇಳುತ್ತಿದ್ದಳು. “ಇವತ್ತು ಯಾರ ಮನೆ?”

“ಯಾರದೋ.”

“ಎಷ್ಟು ಜನ?”

“ಎಣಿಸಿಕೊಂಡು ಬರ್ಲಿಲ್ಲ.”

ಮುಂಚೆ ಆ ಮನೆಗಳ ಅಡುಗೆಮನೆಯನ್ನು ಕಟ್ಟುತ್ತಿದ್ದವಳೇ ಅವಳು. ಹಳೇ ಬಟ್ಟೆಯಲ್ಲಿ ಗಾಜಿನ ಲೋಟ ಸುತ್ತುವಾಗಲೇ ಆ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಯಾರು ಇಷ್ಟವಿಲ್ಲದೆ ಮನೆ ಬಿಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ವಾಪಸು ಬರುವ ದಾರಿಯಲ್ಲಿ ಖಾಲಿ ಲಾರಿಯಲ್ಲಿ ಅದನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ಅವನು ಹೂಂ ಹೂಂ ಎನ್ನುತ್ತ ಮಧ್ಯೆ ಮಧ್ಯೆ ‘ಲೊಚ್’ ಎನ್ನುತ್ತಿದ್ದ.

“ಆ ಮನೆಯ ಹೆಂಗಸು ಹೇಗಿದ್ದಳು? ನೆಲ ಗುಡಿಸಿ ಬಂದಳಾ ಇಲ್ಲ ಹಾಗೇ ಬೀಗ ಹಾಕಿದಳಾ?”

“ಏನಿದು ಪೊಲೀಸ್ ವಿಚಾರಣೆ? ದಣಿದು ಬಂದಿದ್ದೀನಿ. ಅನ್ನ ಹಾಕು ಮಾರಾಯ್ತಿ.”

ಅವಳು ಅನ್ನ ಹಾಕಿದಳು.

ಹೀಗಿರುವಾಗ ಒಂದು ದಿನ ರಿಟೈರಾದ ನರ್ಸಮ್ಮ ಫೋನ್ ಮಾಡಿದಳು. ಬಾಡಿಗೆ ಮನೆ ಬದಲಾಯಿಸುವಾಗಲೆಲ್ಲ ಇವರನ್ನೇ ಕರೆಯುತ್ತಿದ್ದ ಒಂಟಿ ಹೆಂಗಸು. ಅವಳ ಹತ್ತಿರ ಗಾಜಿನ ಬಾಗಿಲಿನ ಒಂದು ಎತ್ತರದ ಕಪಾಟಿತ್ತು, ಅವಳ ತಾಯಿಯದು. “ಗೇರಕ್ಕ ಬಂದು ಕಟ್ಟಿದ್ರೆ ಮಾತ್ರ ಗಾಡಿ ಕಳಿಸಿ. ಆ ಉದ್ದನೆಯ ಮನುಷ್ಯ ಹಗ್ಗ ಬಿಗಿಯೋ ರೀತಿ ನೋಡಿದ್ರೆ ನನಗೆ ಬಿ.ಪಿ. ಏರುತ್ತೆ.”

“ಒಂದು ದಿನ ತಾನೆ, ಹೋಗಿ ಬನ್ನಿ ಅತ್ತೆ, ನಾನು ರಜ ಹಾಕ್ತೀನಿ,” ಎಂದಳು ಸೊಸೆ. ಗೇರಕ್ಕ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಳು. ಅಜ್ಜಿ ಮಂಚದಿಂದಲೇ, “ಎಣ್ಣೆ ವಾಸನೆ ಬರ್ತಿದೆ. ಗಂಡನ ಜೊತೆ ಹೋಗ್ತಿದ್ದೀಯೋ, ಗಂಡನ್ನ ನೋಡೋಕೆ ಹೋಗ್ತಿದ್ದೀಯೋ?” ಎಂದಳು. ಅವಳು ಅಜ್ಜಿಯ ಕೆನ್ನೆ ಗಿಲ್ಲಿ ಹೊರಟಳು.

ಉದ್ದಣ್ಣ ಹಿಂದೆ ಹತ್ತಿದ. ಅವಳು ತನ್ನ ಸೀಟಿನಲ್ಲಿ ಕೂತಳು. ಸೀಟಿನ ತಗ್ಗು ಈಗ ಬೇರೆ ಮೈಯ ತಗ್ಗಾಗಿತ್ತು. ಹೋಗುವಾಗ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅವಳು ಎರಡೂ ಕೈಯನ್ನು ತೊಡೆಯ ಮೇಲೆ ಕಟ್ಟಿಕೊಂಡಿದ್ದಳು. ನರ್ಸಮ್ಮನ ಮನೆಯಲ್ಲಿ ಮಧ್ಯಾಹ್ನದವರೆಗೆ ಲೋಟ, ತಟ್ಟೆ, ಔಷಧಿ ಬಾಟಲಿ ಸುತ್ತಿದಳು. ಕಪಾಟಿಗೆ ಹಾಸಿಗೆಯನ್ನೇ ಸುತ್ತಿ ನಿಲ್ಲಿಸಿದಳು. ಸಾಮಾನು ತುಂಬಿಕೊಂಡು ಅವಳ ಹೊಸ ಮನೆಯ ಕಡೆ ಹೊರಟಾಗ ಮೊದಲಿನಂತೆ ಆಯಿತು. ಅವಳಿಗೆ ಹೇಳಲು ವಿಷಯವಿತ್ತು.

“ಪಾಪ, ನೋಡಿದ್ರಾ? ಒಬ್ಬಳೇ ಇರೋದು, ಲೋಟ ಮಾತ್ರ ಹನ್ನೆರಡು. ಒಂದನ್ನೂ ಬಿಡಲ್ಲ ಅಂತಾಳೆ. ಯಾರು ಬರ್ತಾರೆ ಅಂತ ಕೇಳ್ದೆ. ಬಂದ್ರೆ ಅಂದ್ಲು.”

“ಹೂಂ,” ಎಂದ ಅವನು. ಮಾರುಕಟ್ಟೆಯ ತಿರುವು ಬಂತು. ಲಾರಿ ನಿಧಾನವಾಗಿ ತಿರುಗಿ ನೇರ ರಸ್ತೆಗೆ ಬಿತ್ತು. ಅವನು ಹೂಂ ಎನ್ನುತ್ತಲೇ ‘ಲೊಚ್’ ಎಂದ.

ಅವಳ ಕೈ ಹೋಯಿತು. ಅವಳು ಕಳಿಸಲಿಲ್ಲ, ಅದಾಗಿ ಹೋಯಿತು. ಲಿವರ್ ಹಿಡಿದು, ಮೂರನೇ ಗೇರಿಗೆಂದು ಇಷ್ಟು ವರ್ಷ ತಳ್ಳಿದ ಹಾಗೆಯೇ ಮುಂದಕ್ಕೆ ತಳ್ಳಿತು. ಆಂಬುಲೆನ್ಸಿನದೇ ಸವೆದ ಲಿವರ್ ಅದು, ತಪ್ಪಿ ರಿವರ್ಸಿಗೆ ಹೋಗದಂತೆ ತಡೆಯುವ ಗುಂಡಿಯನ್ನು ಮಗ ಇನ್ನೂ ಸರಿಮಾಡಿರಲಿಲ್ಲ. ಅದು ನಡುವಿನ ಖಾಲಿ ಗೇರನ್ನು ದಾಟಿ ನೇರ ರಿವರ್ಸಿಗೇ ಹೋಯಿತು. ಅವಳ ಕೈ ಚಲಿಸಿದ ಅದೇ ಕ್ಷಣಕ್ಕೆ ಅವನ ನೋಯುವ ಎಡಗಾಲು ಎದ್ದು, ಇಲ್ಲದ ಕ್ಲಚ್ಚನ್ನು ಹುಡುಕಿ, ಪಕ್ಕದಲ್ಲೇ ಇದ್ದ ಹೊಸ ಅಗಲ ಬ್ರೇಕನ್ನು ಪೂರ್ತಿ ತುಳಿಯಿತು. ಲಾರಿಯ ಹೊಟ್ಟೆಯೊಳಗೆ ಏನೋ ಮುರಿದಂತೆ ಕಿರುಚಿ, ಇಡೀ ಗಾಡಿ ಕುಕ್ಕರಿಸಿ ನಿಂತಿತು. ಹಿಂದೆ ಉದ್ದಣ್ಣನ ಕೂಗು, ಅದರ ಹಿಂದೆಯೇ ಗಾಜಿನ ಸದ್ದು.

ಉದ್ದಣ್ಣನ ಹಣೆ ಒಡೆದಿರಲಿಲ್ಲ, ಊದಿತ್ತು. ಕಪಾಟಿನ ಒಂದು ಬಾಗಿಲ ಗಾಜು ಹಾಸಿಗೆಯೊಳಗೇ ಪುಡಿಯಾಗಿತ್ತು. ಆಟೋದಲ್ಲಿ ಹಿಂದೆ ಬರುತ್ತಿದ್ದ ನರ್ಸಮ್ಮ ಇಳಿದು ಬಂದಳು. ಅವಳು ಬೈಯಲಿಲ್ಲ. ಬಾಗಿಲ ಮರದ ಅಂಚನ್ನು ಮುಟ್ಟಿ, “ಅಮ್ಮ ಇದನ್ನ ದಿನಾ ಒರೆಸ್ತಿದ್ಲು,” ಎಂದಳಷ್ಟೆ.

“ಇವಳು ಕೈ ಹಾಕಿಬಿಟ್ಟಳು,” ಎಂದ ಅವನು. ಅವನ ತುಟಿ ಬಿಳಿಚಿಕೊಂಡಿತ್ತು. “ಸುಮ್ಮನೆ ಕೂತಿದ್ದವಳು ಹೋಗಿ ಲಿವರಿಗೆ ಕೈ ಹಾಕಿಬಿಟ್ಟಳು!”

ಅವಳು ಅವನನ್ನು ನೋಡಿದಳು. “ನೀವು...”

“ನಾನೇನು?”

ಆ ಸದ್ದಿಗೆ ಅವರಿಬ್ಬರ ನಡುವೆಯೂ ಒಂದು ಹೆಸರಿರಲಿಲ್ಲ. ಅದನ್ನು ಬೀದಿಯಲ್ಲಿ ನಾಲ್ಕು ಜನರ ಮುಂದೆ ಹೇಳುವುದೆಂದರೆ ಮಲಗುವ ಕೋಣೆಯ ಮಾತನ್ನು ಹೊರಗೆ ಹರಡಿದ ಹಾಗೆ ಅನ್ನಿಸಿತು. “ಏನಿಲ್ಲ,” ಎಂದಳು.

ಮನೆಯಲ್ಲಿ ಮಗ ಲಾರಿಯ ಅಡಿ ನುಗ್ಗಿ ನೋಡಿ ಬಂದ. “ಪುಣ್ಯಕ್ಕೆ ಗೇರ್‌ಬಾಕ್ಸ್ ಉಳಿದಿದೆ. ಏನಮ್ಮ ನೀನು! ಚಿಕ್ಕ ಮಕ್ಕಳ ಹಾಗೆ...”

“ಹೊಸ ಗಾಜು ನಾವೇ ಹಾಕಿಸಿಕೊಡಬೇಕು,” ಎಂದಳು ಸೊಸೆ, ತನ್ನ ಯಂತ್ರ ಇನ್ನಷ್ಟು ದೂರ ಹೋದದ್ದನ್ನು ನೋಡುತ್ತಿರುವಂತೆ.

“ಇನ್ನು ಮೇಲೆ ಅವಳು ಗಾಡಿ ಹತ್ತೋದು ಬೇಡ,” ಎಂದ ಗಂಡ. ಹೇಳಿ, ಗೋಡೆಯ ಕಡೆ ತಿರುಗಿ ಮಂಡಿಗೆ ಎಣ್ಣೆ ತಿಕ್ಕಿಕೊಂಡ. ತಾನು ಲೊಚ್ ಎಂದು ಕರೆದದ್ದನ್ನು ಅವನು ಹೇಳಲಿಲ್ಲ. ಎಲ್ಲರೂ ಮಲಗಲು ಹೋದ ಮೇಲಾದರೂ ಹೇಳುತ್ತಾನೆಂದು ಅವಳು ಪಾತ್ರೆಗಳನ್ನು ಬೇಕೆಂದೇ ನಿಧಾನವಾಗಿ ತೊಳೆದಳು. ಹೇಳಲಿಲ್ಲ.

ಆಮೇಲಿನ ವಾರಗಳಲ್ಲಿ ಗಂಡ ಹೆಂಡತಿಯ ಮಾತು ಅಜ್ಜಿಯ ಮಂಚದ ಮೇಲಿಂದ ಹಾದುಹೋಗುತ್ತಿತ್ತು.

“ಅಜ್ಜೀ, ನಿಮ್ಮ ಮಗನಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳಿ.”

“ಸಾಕು ಅಂತ ಹೇಳಮ್ಮ.”

“ಇಬ್ಬರೂ ನನ್ನ ಕಿವಿ ಪಕ್ಕದಲ್ಲೇ ಇದ್ದೀರಿ,” ಎನ್ನುತ್ತಿದ್ದಳು ಅಜ್ಜಿ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹಾಕುತ್ತ. “ನಾನೇನು ಅಂಚೆಪೆಟ್ಟಿಗೆನಾ?”

ಗೇರಕ್ಕನಿಗೆ ನಗು ಬರಲಿಲ್ಲ. ಕೈ ಜಜ್ಜಿದಾಗ ಅಳದವನು, ಬೇರೆಯವರ ಬೀರು ಹೊತ್ತು ಇವರನ್ನೆಲ್ಲ ಸಾಕಿದವನು, ಸುಳ್ಳು ಮಾತ್ರ ಹೇಳುವವನಲ್ಲ ಎಂದು ಅವಳು ನಂಬಿದ್ದಳು. ಸೀಟು ಹೋದದ್ದಕ್ಕಿಂತ ಅದು ಹೆಚ್ಚು ನೋಯುತ್ತಿತ್ತು. ಬಟ್ಟೆ ಹಿಂಡುವಾಗ, ಕಾಳು ಆರಿಸುವಾಗ, ಅಜ್ಜಿಯ ಜಡೆ ಹೆಣೆಯುವಾಗ, ಕರೆದು ಕರೆಯಲಿಲ್ಲ ಅಂದನಲ್ಲ, ಕರೆದು ಕರೆಯಲಿಲ್ಲ ಅಂದನಲ್ಲ ಎಂದು ಅದೊಂದೇ ಮಾತು ಒಳಗೆ ಬೀಸುವ ಕಲ್ಲಿನ ಹಾಗೆ ತಿರುಗುತ್ತಿತ್ತು.

ಒಂದು ರಜೆಯ ದಿನ ಉದ್ದಣ್ಣ ಮಧ್ಯಾಹ್ನದ ಊಟಕ್ಕೆ ಬಂದ. ಮನೆಯ ತಗಡಿನ ಚಾವಣಿ ಸೋರುತ್ತಿತ್ತು, ಅವನ ಉದ್ದಕ್ಕೆ ಏಣಿಯೇ ಬೇಡ ಎಂದು ಮಗ ಕರೆದಿದ್ದ. ಕೆಲಸ ಮುಗಿಸಿ ಎಲ್ಲರೂ ತಟ್ಟೆಯ ಮುಂದೆ ಕೂತರು. ಉದ್ದಣ್ಣನಿಗೆ ಬಾಯಿ ಸುಮ್ಮನಿರದು. ಮೊಟ್ಟೆಯನ್ನು ಅರ್ಧ ಮಾಡುತ್ತ ಹೇಳಿದ.

“ಅಕ್ಕಾ, ನೀವು ಅಷ್ಟು ವರ್ಷ ಅಣ್ಣನ ಪಕ್ಕ ಹೇಗೆ ಕೂತ್ರಿ? ನನಗೆ ಒಂದೊಂದು ದಿನ ಇಳಿದು ನಡೆದುಕೊಂಡೇ ಹೋಗಿಬಿಡೋಣ ಅನ್ನಿಸುತ್ತೆ.”

“ಯಾಕೋ? ನಾನೇನು ಮಾಡಿದೆ?” ಎಂದ ಗಂಡ.

“ಏನು ಮಾಡಿದೆ ಅಂತೆ! ದಾರಿಯುದ್ದಕ್ಕೂ ಲೊಚ್ ಲೊಚ್ ಅಂತ ಲೊಚಗುಟ್ಟೋದು. ತಿರುವು ಬಂತು, ಲೊಚ್. ಏರು ಬಂತು, ಲೊಚ್ ಲೊಚ್. ಪಾಪ ಎನ್ನೋ ಹಾಗೆ. ಮೊದಮೊದಲು ನನ್ನ ಮೈ ವಾಸನೆ ಬರ್ತಿದೆಯೇನೋ ಅಂದುಕೊಂಡೆ. ಹೊಸ ಸೋಪು ತಂದೆ ಅಕ್ಕಾ, ದೇವರಾಣೆ! ಆಮೇಲೂ ನಿಲ್ಲಲಿಲ್ಲ. ‘ಏನಣ್ಣ ತಪ್ಪಾಯ್ತು’ ಅಂತ ಕೇಳಿದ್ರೆ ‘ಏನೋ, ನಾನೆಲ್ಲಿ ಮಾತಾಡಿದೆ’ ಅಂತ ನನ್ನ ಮೇಲೇ ರೇಗ್ತಾರೆ.”

ಮಗ ನಗಲು ಹೋಗಿ ಅಮ್ಮನ ಮುಖ ನೋಡಿ ನಿಲ್ಲಿಸಿದ. ಸೊಸೆ ಅವರಿಬ್ಬರ ಮುಖ ನೋಡಿದಳು. ಅಜ್ಜಿ ತಲೆ ಓರೆ ಮಾಡಿದಳು.

“ಅವತ್ತು,” ಎಂದು ಮಗ ಮೆಲ್ಲಗೆ ಕೇಳಿದ, “ಅವತ್ತು ಅಪ್ಪ ಹಾಗಂದ್ರಾ ಅಮ್ಮ? ಅದಕ್ಕೇನಾ ನೀನು...?”

ಗೇರಕ್ಕ ಗಂಡನನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವನ ಮುಖವಲ್ಲ ಅದು. ಯಾರೋ ಅವನದೇ ಮನೆಯೊಳಗೆ ಅವನು ಕಾಣದ ಒಂದು ಕೋಣೆ ತೋರಿಸಿದ ಹಾಗಿತ್ತು. ಅವನ ನಾಲಿಗೆ ತುಟಿಯ ಒಳಗೆ ಒಮ್ಮೆ ಅಲುಗಿ ನಿಂತಿತು.

“ನಾನಾ?” ಎಂದ ಅವನು. “ಈಗಲೂನಾ?”

“ಬೆಳಿಗ್ಗೆಯಿಂದ ಸಂಜೇವರೆಗೂ,” ಎಂದ ಉದ್ದಣ್ಣ, ತಾನು ಏನು ಹೇಳಿಬಿಟ್ಟೆನೋ ಎಂಬ ಗಾಬರಿಯಲ್ಲಿ.

ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಇಷ್ಟು ವಾರಗಳಿಂದ ಅವಳು ಮನೆಯಲ್ಲಿ ಹಲ್ಲು ಕಚ್ಚಿಕೊಂಡು ಕಾಳು ಆರಿಸುತ್ತಿದ್ದಾಗ, ಅವನು ಒಂದೊಂದು ತಿ‌ರುವಿನಲ್ಲೂ ಒಂದೊಂದು ಏರಿನಲ್ಲೂ ಅವಳನ್ನು ಕರೆಯುತ್ತಿದ್ದ. ಕರೆದದ್ದು ಅವನಿಗೂ ಕೇಳಿಸಿರಲಿಲ್ಲ, ಕೇಳಬೇಕಾದವಳಿಗೂ ಮುಟ್ಟಿರಲಿಲ್ಲ. ಗೇರಕ್ಕ ಎದ್ದು ಅಡುಗೆಮನೆಗೆ ಹೋಗಿ ನೀರಿನ ಚೊಂಬು ತುಂಬಿಸುವ ನೆಪದಲ್ಲಿ ಸ್ವಲ್ಪ ಹೊತ್ತು ನಿಂತಳು. ಚೊಂಬು ತುಂಬಿ ಕೈ ಮೇಲೆ ಹರಿಯಿತು.

ಅವಳು ಹೊರಗೆ ಬಂದಾಗ ಉದ್ದಣ್ಣ, “ಹಾಗಾದ್ರೆ ಅಕ್ಕನೇ ಬಂದು ಕೂರಲಿ ಬಿಡಿ. ನಾನು ಹಿಂದೆ ಆರಾಮ,” ಎನ್ನುತ್ತಿದ್ದ.

“ಅದೇ ಆಗಬಾರದು,” ಎಂದ ಮಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಗುತ್ತಿತ್ತು. “ಉದ್ದಣ್ಣನಿಗೆ ಕೇಳಿದ್ರೆ ಏನೂ ಆಗಲ್ಲ. ಅಮ್ಮನಿಗೆ ಕೇಳಿದ್ರೆ ಕೈ ಲಿವರಿಗೆ ಹೋಗುತ್ತೆ, ಅಮ್ಮನ ಕೈ ಹೋದ್ರೆ ಅಪ್ಪನ ಕಾಲು ಬ್ರೇಕಿಗೆ ಹೋಗುತ್ತೆ. ಲಿವರಿನ ಗುಂಡಿ ಸರಿ ಮಾಡಬಹುದು. ಅಪ್ಪನ ಕಾಲಿಗೆ, ಅಮ್ಮನ ಕೈಗೆ ನಾನು ಏನು ಹಾಕಿ ಬಿಗೀಲಿ? ರಸ್ತೆಯಲ್ಲಿ ಜನ ಇರ್ತಾರೆ.”

“ಹೌದು,” ಎಂದಳು ಗೇರಕ್ಕ. ಎಲ್ಲರ ಲೋಟಕ್ಕೂ ನೀರು ಹಾಕಿದಳು. ಗಂಡನ ಲೋಟಕ್ಕೆ ಹಾಕುವಾಗ ಅವನು ತಲೆ ಎತ್ತಲಿಲ್ಲ, ಆದರೆ ಲೋಟವನ್ನು ಅವಳ ಕಡೆಗೆ ಒಂದಿಷ್ಟು ಸರಿಸಿದ.

ಮರುದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತ. ಬಲಗೈಯಲ್ಲಿ ಊಟದ ಡಬ್ಬಿಯೂ ಕೀಲಿಕೈಯೂ ಇದ್ದವು. ಹೊರಗೆ ಉದ್ದಣ್ಣ ಲಾರಿಯ ಕನ್ನಡಿ ಒರೆಸುತ್ತಿದ್ದ.

“ಅಮ್ಮನ ಡಬ್ಬಿಯಿಂದ ಒಂದು ಲವಂಗ ಕೊಡು,” ಎಂದ. ಎಷ್ಟೋ ವಾರಗಳ ಮೇಲೆ ಅವಳಿಗೇ ಹೇಳಿದ ಮೊದಲ ಮಾತು.

“ಹಲ್ಲು ನೋವಾ?”

“ಅಲ್ಲ.” ಅವನು ಹೊಸ್ತಿಲು ನೋಡಿದ. “ನಾಲಿಗೆ ಕೆಳಗೆ ಇಟ್ಕೋತೀನಿ. ಸುಮ್ಮನಿರಲಿ ಅಂತ.” ಹೊಸ್ತಿಲಿಗೇ ಹೇಳುವಂತೆ ಸೇರಿಸಿದ. “ನನಗೆ ಗೊತ್ತಾಗಲಿಲ್ಲ ಕಣೇ ಅವತ್ತು.”

“ಗೊತ್ತು,” ಎಂದಳು ಅವಳು.

ಅಜ್ಜಿಯ ತಲೆದಿಂಬಿನ ಪಕ್ಕದ ಡಬ್ಬಿಯಿಂದ, ಮುರಿಯದ, ಮೊಗ್ಗು ಉದುರದ ಒಂದು ಲವಂಗ ಆರಿಸಿ ತಂದಳು. ಅವನ ಬಲಗೈ ತುಂಬಿತ್ತು, ಎಡಗೈಗೆ ಅಷ್ಟು ಸಣ್ಣದನ್ನು ಹಿಡಿಯಲು ಬರುತ್ತಿರಲಿಲ್ಲ.

“ಬಾಯಿ ತೆಗೀರಿ.”

ಅವನು ತೆಗೆದ. ಅವಳು ಲವಂಗವನ್ನು ಅವನ ನಾಲಿಗೆಯ ಅಡಿಗೆ ಇಟ್ಟಳು. ಖಾರಕ್ಕೋ ಏನೋ ಅವನ ಕಣ್ಣಲ್ಲಿ ನೀರಾಡಿತು. ಉಳಿದ ನಾಲ್ಕೈದನ್ನು ಕಾಗದದ ಚೂರಿನಲ್ಲಿ ಸುತ್ತಿ ಅವನ ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕಿದಳು. ಅವನು ಏನೋ ಹೇಳಲು ಹೋದ. ನಾಲಿಗೆಗೆ ಲವಂಗ ಅಡ್ಡ ಬಂತು. ತಲೆ ಆಡಿಸಿ ಇಳಿದುಹೋದ.

ಅವಳು ಒಳಗೆ ಬಂದು ಹಾಲಿನ ಪಾತ್ರೆ ಒಲೆಯ ಮೇಲಿಟ್ಟಳು. ಅಜ್ಜಿ ಮಂಚದ ಮೇಲೆ ಎದ್ದು ಕೂತು, ತಲೆ ಓರೆ ಮಾಡಿ ಬಹಳ ಹೊತ್ತು ಬೀದಿಯ ಕಡೆಗೆ ಕಿವಿಗೊಟ್ಟಳು.

“ಹುಡುಗೀ, ಗಾಡಿ ಹೋಯ್ತಾ?”

ಗೇರಕ್ಕನೂ ಕಿವಿಗೊಟ್ಟು ಕೇಳಿದಳು. ಓಣಿಯಲ್ಲಿ ಯಾರೋ ಕೊಡ ಇಳಿಸಿದ ಸದ್ದು. ಇಸ್ತ್ರಿಯವಳ ಕೆಮ್ಮು. ಅದರಾಚೆ ಏನೂ ಇರಲಿಲ್ಲ.

“ಹೋಗಿರಬೇಕು ಅಜ್ಜಿ,” ಎಂದಳು.